ಹಳೆಯ ಯಂತ್ರಕ್ಕೆ ಕಟ್ಟಿಹಾಕಿದ ಸಾವ್ಕಾರ

ಅವನಿಗೆ ತಡವಾಗಬೇಕು. ಆ ವರ್ಷ ನಾನು ಬಯಸಿದ್ದು ಇಷ್ಟೇ. ಕೈಕಾಲು ಮುರಿಯಲಿ, ಮನೆ ಬೀಳಲಿ ಎಂದು ಶಪಿಸಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಟೆಂಡರು ಮುಚ್ಚುವಾಗ ಅವನ ಪರದೆಯ ಮೇಲೆ ಆ ಸಣ್ಣ ಮರಳುಗಡಿಯಾರ ಇನ್ನೂ ಕೂತಿರಬೇಕು. ಅವನು ಕಣ್ಣಿಟ್ಟ ಮೆಣಸಿನಕಾಯಿ ಬೇರೆಯವರ ಪಾಲಾಗಬೇಕು. ಇದನ್ನು ಮಾಡಿದವನು ನಾನೇ ಎಂದು ಅವನಿಗೆ ಗೊತ್ತಾಗಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಗೊತ್ತಾಗದ ಸೇಡು ಸೇಡಲ್ಲ, ಬರೀ ಅಪಘಾತ.

ಬ್ಯಾಡಗಿಯಲ್ಲಿ ಎಲ್ಲರೂ ಅವನನ್ನು ಸಾವ್ಕಾರ್ರು ಎನ್ನುತ್ತಿದ್ದರು. ಎದುರಿಗೆ ನಾನೂ ಕೊನೆಯತನಕ ಹಾಗೆಯೇ ಕರೆದೆ. ಇಲ್ಲಿ ಬರೆಯುವಾಗ ಏಕವಚನ ಬಳಸುತ್ತೇನೆ. ಇಷ್ಟು ವರ್ಷ ಕಾದಿದ್ದೇನೆ, ಇಷ್ಟಾದರೂ ಸಿಗಲಿ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ಧಾರವಾಡದಲ್ಲಿ ಎಂಸಿಎ ಮುಗಿಸಿ ಬಂದಿದ್ದೆ. ಅಲ್ಲಿ ಕಲಿತದ್ದರಲ್ಲಿ ಉಳಿದದ್ದು ಒಂದೇ ಚಾಳಿ, ಯಾರು ಏನು ಹೇಳಿದರೂ ‘ಲಾಗ್ ತೋರಿಸು’ ಎನ್ನುವುದು. ಲಾಗ್ ಅಂದರೆ ಯಂತ್ರ ತಾನು ಮಾಡಿದ್ದನ್ನೆಲ್ಲ ಗಳಿಗೆಗಳಿಗೆಗೂ ಬರೆದಿಡುವ ದಿನಚರಿ. ನನ್ನ ತಲೆಯೊಳಗೆ ಅಂಥದ್ದೊಂದು ಇಲ್ಲ. ಆ ಕಾಲದ ಒಂದು ಸಿಡಿ ಮಾತ್ರ ಉಳಿದಿದೆ, ಅದರಲ್ಲಿ ಕೆಲವು ವಾರಗಳ ಲಾಗ್ ಇದೆ. ಯಾವುದು ಸಿಡಿಯಲ್ಲಿ ಕಂಡದ್ದು, ಯಾವುದು ಬರೀ ನೆನಪು ಎಂದು ಬಿಡಿಸಿ ಹೇಳಲು ಯತ್ನಿಸುತ್ತೇನೆ. ಸಿಟ್ಟಿಗೆ ಮಾತ್ರ ಲಾಗಿನ ಸಾಕ್ಷಿ ಬೇಡ. ಅದು ಈಗಲೂ ಬೆಚ್ಚಗಿದೆ.

ನಮ್ಮ ಆಫೀಸು ರಾಣೇಬೆನ್ನೂರಿನಲ್ಲಿ, ಒಂದು ಬೀಜದ ಅಂಗಡಿಯ ಮೇಲಿನ ಮಹಡಿಯಲ್ಲಿ ಇತ್ತು. ನಾನು ಹಾವೇರಿಯಿಂದ ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದೆ. ನಮ್ಮ ಮಾಲಕರು ಮೊದಲು ಪ್ರಿಂಟರಿನ ರಿಬ್ಬನ್ನು, ಕೀಬೋರ್ಡು ಮಾರುತ್ತಿದ್ದವರು. ಯಾವ ಕೆಲಸ ಬಂದರೂ ಇಲ್ಲ ಎನ್ನದ ಮನುಷ್ಯ. ಬ್ಯಾಡಗಿಯ ಕೆಲವು ಕೋಲ್ಡ್ ಸ್ಟೋರೇಜಿನವರು, ದಲಾಲರು ಸೇರಿ ಒಂದು ಗುಂಪು ಮಾಡಿಕೊಂಡಿದ್ದರು. ತಮ್ಮಲ್ಲಿ ಕೂಡಿಟ್ಟ ಮೆಣಸಿನಕಾಯಿಯನ್ನು ಸೋಮವಾರ ಮತ್ತು ಗುರುವಾರ ಕಂಪ್ಯೂಟರಿನ ಮೂಲಕ ಮಾರಬೇಕೆಂದು ಅವರ ಆಸೆ. ಆ ಪ್ರೋಗ್ರಾಂ ಬರೆದವನು ನಾನು.

ವ್ಯವಸ್ಥೆ ಸರಳ. ಬೆಳಿಗ್ಗೆ ಉದ್ದನೆಯ ಮೇಜುಗಳ ಮೇಲೆ ಲಾಟು ಲಾಟಾಗಿ, ಒಂದೊಂದು ರಾಶಿಗೆ ಒಂದು ಲಾಟಿನಂತೆ, ಮಾದರಿ ಹರವುತ್ತಿದ್ದರು. ಖರೀದಿದಾರರು ಬಂದು ಒಂದು ಹಿಡಿ ಎತ್ತಿ ಮೂಸುವರು, ಒಂದು ಕಾಯಿ ಮುರಿದು ಬೀಜ ನೋಡುವರು, ಬೆರಳಿಗೆ ಹತ್ತಿದ ಬಣ್ಣವನ್ನು ಬಿಸಿಲಿಗೆ ಹಿಡಿಯುವರು. ಆಮೇಲೆ ತಮ್ಮ ತಮ್ಮ ಅಂಗಡಿಗೆ ಹೋಗಿ ಕಂಪ್ಯೂಟರಿನಲ್ಲಿ ಲಾಗಿನ್ ಆಗಿ, ಬೇಕಾದ ಲಾಟಿನ ಮುಂದೆ ದರ ತುಂಬಬೇಕು. ಒಂದು ಗಂಟೆಗೆ ಬಾಗಿಲು ಮುಚ್ಚುತ್ತದೆ. ಹೆಚ್ಚು ದರ ಬರೆದವನಿಗೆ ಮಾಲು.

ಹನ್ನೊಂದರಿಂದ ಒಂದರವರೆಗೆ ಸಮಯ ಕೊಟ್ಟಿದ್ದೆವು. ಆದರೆ ಹನ್ನೆರಡೂ ಮುಕ್ಕಾಲಿನ ಮೊದಲು ಒಬ್ಬರೂ ಬೆರಳು ಆಡಿಸುತ್ತಿರಲಿಲ್ಲ. ಮೊದಲೇ ಬರೆದರೆ ಅಂಗಡಿಗೆ ಚಹಾ ಕುಡಿಯಲು ಬಂದವನ ಕಣ್ಣಿಗೆ ಬೀಳುತ್ತದೆ, ಅವನು ಎರಡು ರೂಪಾಯಿ ಹೆಚ್ಚು ಬರೆಯುತ್ತಾನೆ ಎಂಬ ಭಯ. ಒಂದೂ ಮುಕ್ಕಾಲು ತಾಸು ಯಂತ್ರ ತೂಕಡಿಸುತ್ತಿತ್ತು. ಕೊನೆಯ ಕಾಲು ತಾಸಿನಲ್ಲಿ ಐವತ್ತಕ್ಕೂ ಹೆಚ್ಚು ಜನ ಒಟ್ಟಿಗೆ ಮೈಮೇಲೆ ಬೀಳುತ್ತಿದ್ದರು. ನಮ್ಮ ಮಹಡಿಯ ಮೇಲಿದ್ದ ಒಂದೇ ಒಂದು ಸರ್ವರ್ ಉಸಿರು ಕಟ್ಟಿ ನಿಲ್ಲುತ್ತಿತ್ತು.

ಹಾಗಾಗಿ ಮಾಲಕರು ಎರಡನೆಯದನ್ನು ತಂದರು. ಹೊಸದು, ಹಳೆಯದರ ಮೂರು ಪಟ್ಟು ಬಲದ್ದು. ಅವೆರಡರ ಮುಂದೆ ನಾನು ಒಂದು ಸಣ್ಣ ಪ್ರೋಗ್ರಾಂ ಕೂರಿಸಿದೆ. ಒಂದು ಕ್ಲಿಕ್ ಬಂದರೆ ಹಳೆಯದಕ್ಕೆ, ಮುಂದಿನದು ಬಂದರೆ ಹೊಸದಕ್ಕೆ, ಹೀಗೆ ಸರದಿಯಂತೆ ಹಂಚುವುದು ಅದರ ಕೆಲಸ. ಮಾಲಕರು ಎರಡೂ ಯಂತ್ರಗಳಿಗೆ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿದರು.

ನನ್ನ ತಪ್ಪು ಅಲ್ಲಿತ್ತು, ಅದನ್ನು ಒಪ್ಪಿಕೊಳ್ಳುತ್ತೇನೆ. ಲಾಗಿನ್ ಆದವನು ಯಾರು ಎಂಬುದನ್ನು ಸರ್ವರ್ ಒಂದು ಚೀಟಿಯಲ್ಲಿ ಬರೆದು ತನ್ನ ಹತ್ತಿರ ಇಟ್ಟುಕೊಳ್ಳುತ್ತದೆ. ಅದಕ್ಕೆ ಸೆಷನ್ ಎನ್ನುತ್ತೇವೆ. ಮುಂದಿನ ಕ್ಲಿಕ್ ಬಂದಾಗ ಚೀಟಿ ತೆಗೆದು ನೋಡಿ, ಓ, ಇವರು ಅವರೇ ಎಂದು ಒಳಗೆ ಬಿಡುತ್ತದೆ. ನನ್ನ ವ್ಯವಸ್ಥೆಯಲ್ಲಿ ಚೀಟಿ ಹಳೆಯ ಯಂತ್ರದಲ್ಲಿ ಉಳಿಯುತ್ತಿತ್ತು, ಮುಂದಿನ ಕ್ಲಿಕ್ ಹೊಸದಕ್ಕೆ ಹೋಗುತ್ತಿತ್ತು. ಹೊಸದು ಮುಖ ನೋಡಿ ನೀವು ಯಾರು ಎನ್ನುತ್ತಿತ್ತು. ಮೊದಲಿನಿಂದ ಲಾಗಿನ್ ಮಾಡಿ ಎನ್ನುತ್ತಿತ್ತು. ತುಂಬಿದ್ದೆಲ್ಲ ಹೋಗುತ್ತಿತ್ತು. ನಾನೊಬ್ಬನೇ ಕೂತು ಪರೀಕ್ಷೆ ಮಾಡಿದಾಗ ಇದು ಹೇಗೆ ತಪ್ಪಿಸಿಕೊಂಡಿತು ಎಂಬುದು ಇವತ್ತಿಗೂ ತಿಳಿಯದು. ಪರೀಕ್ಷೆ ಮಾಡಿದೆನೋ, ಮಾಡಿದೆನೆಂದು ಮಾಲಕರಿಗೆ ಹೇಳಿದೆನೋ ಅದೂ ಈಗ ಸ್ಪಷ್ಟವಿಲ್ಲ.

ಎರಡೂ ಯಂತ್ರ ಓಡಬೇಕಾದ ಮೊದಲ ಸೋಮವಾರ ಎಲ್ಲ ಚೆನ್ನಾಗಿ ನಡೆಯುವುದನ್ನು ಕಣ್ಣಾರೆ ನೋಡಬೇಕೆಂದು ನಾನು ಮಾಲಕರ ಜೊತೆ ಬ್ಯಾಡಗಿಗೇ ಹೋಗಿ ಸಾವ್ಕಾರನ ಅಂಗಡಿಯಲ್ಲಿ ಕೂತಿದ್ದೆ. ಗುಂಪಿನಲ್ಲಿ ಅತಿ ದೊಡ್ಡ ಖರೀದಿದಾರ ಅವನು. ಮೂವತ್ತೆರಡು ಲಾಟಿಗೆ ದರ ತುಂಬಿ, ಕನ್ನಡಕ ಸರಿಮಾಡಿಕೊಂಡು, ಮೊದಲ ಲಾಟಿನ ಬಟನ್ ಒತ್ತಿದ. ಪರದೆ ಬಿಳಿಯಾಯಿತು. ಆಮೇಲೆ ಲಾಗಿನ್ ಪುಟ ಬಂತು. ಮತ್ತೆ ಲಾಗಿನ್ ಮಾಡಿ ತುಂಬಿದ. ಮತ್ತೆ ಅದೇ. ಗಡಿಯಾರ ಒಂದು ಹೊಡೆಯಿತು.

ಅವನು ಕೂಗಲಿಲ್ಲ. ಎದ್ದು ನನ್ನ ರಟ್ಟೆ ಹಿಡಿದು, ಮಾದರಿ ಹರವಿದ ಮೇಜಿನ ಹತ್ತಿರ ಕರೆದುಕೊಂಡು ಹೋದ. ಅಲ್ಲಿ ಮೂವತ್ತು ಜನರಾದರೂ ಇದ್ದರು.

“ಬರ್ರಿ ಬರ್ರಿ, ಎಲ್ಲಾರೂ ಬರ್ರಿ. ಇಂಜಿನಿಯರ್ ಸಾಹೇಬ್ರ ಪರೀಕ್ಷಾ ಐತಿ,” ಎಂದ.

ಹೆಗಲ ಮೇಲಿನ ಟವೆಲ್ಲು ತೆಗೆದು ನನ್ನ ಬಲಗೈ ಮೇಲೆ ಹೊದಿಸಿದ. ಅದರೊಳಗೆ ತನ್ನ ಕೈ ತೂರಿಸಿ ನನ್ನ ಬೆರಳು ಹಿಡಿದ. ಹಾವೇರಿಯ ದನದ ಪೇಟೆಯಲ್ಲಿ ದಲಾಲರು ಹೀಗೆ ಬಟ್ಟೆಯೊಳಗೆ ಬೆರಳು ಹಿಡಿದು ದರ ಮಾತಾಡುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ಯಾವ ಬೆರಳಿಗೆ ಎಷ್ಟು ಎಂದು ಮಾತ್ರ ಕಲಿತಿರಲಿಲ್ಲ. ಅವನು ಮೂರು ಬೆರಳು ಒತ್ತಿದ, ಬಿಟ್ಟ, ಮತ್ತೆ ಎರಡನ್ನು ಒತ್ತಿದ.

“ಹೇಳ ತಮ್ಮಾ. ಎಷ್ಟಂದೆ?”

ನಾನು ಮಾಲಕರ ಕಡೆ ನೋಡಿದೆ.

“ಹಾವೇರಿಯಾಂವ ಅದೀ, ಇಷ್ಟೂ ಬರಂಗಿಲ್ಲ? ಏನ ಓದಿ ನೀ ಧಾರವಾಡದಾಗ?” ಅವನು ಜನರ ಕಡೆ ತಿರುಗಿದ. “ನಮ್ಮಪ್ಪ ಇಡೀ ಪ್ಯಾಟಿ ಮಂದಿ ಬೆರಳ ಗುರ್ತು ಇಟ್ಟಿದ್ದ. ಇವನ ಮಿಷನ್ ಐದ ನಿಮಿಷದ ಹಿಂದ ಬಂದಾಂವನ್ನ ‘ನೀ ಯಾರಪಾ’ ಅಂತ ಕೇಳ್ತೈತಿ. ಮಿಷನ್ನಿಗೂ ಇವಗೂ ಒಂದ ತಲಿ!”

ನಗು. ಅದರಲ್ಲಿ ಒಬ್ಬ ದಲಾಲ, ಎತ್ತರದ ಮನುಷ್ಯ, ಎಲ್ಲರಿಗಿಂತ ಹೆಚ್ಚು ನಕ್ಕ. ನನ್ನ ಮಾಲಕರೂ ನಕ್ಕರು. ಟವೆಲ್ಲು ತೆಗೆದಾಗ ನನ್ನ ಅಂಗೈ ಕೆಂಪಾಗಿತ್ತು, ಅವನ ಬೆರಳಿನ ಮೆಣಸಿನ ಬಣ್ಣ. ಅದೇ ಕೈಯಿಂದ ಕಣ್ಣು ಒರೆಸಿಕೊಂಡೆ. ಆಮೇಲೆ ಬಂದ ನೀರು ಅಳುವಲ್ಲ ಎಂದು ಅಲ್ಲಿ ಯಾರಿಗೂ ವಿವರಿಸುವ ಹಾಗಿರಲಿಲ್ಲ.

ಇದಕ್ಕೆ ಲಾಗ್ ಇಲ್ಲ. ಕೆಲವು ವರ್ಷಗಳ ನಂತರ ಮಾಲಕರನ್ನು ಕೇಳಿದೆ. “ಟಾವೆಲ್ಲೇನೂ ಇರ್ಲಿಲ್ಲಪಾ. ಸಾವ್ಕಾರ್ರು ಸ್ವಲ್ಪ ಚ್ಯಾಷ್ಟಿ ಮಾಡಿದ್ರು, ಆಮ್ಯಾಲ ಮಂಡಕ್ಕಿ ಮಿರ್ಚಿ ತರಿಸಿದ್ರು. ನೀನ ಎರಡ ಪ್ಲೇಟ್ ತಿಂದಿ,” ಎಂದರು. ಅವರು ಸುಳ್ಳು ಹೇಳುವವರಲ್ಲ. ಟವೆಲ್ಲು ನಾನು ಆಮೇಲೆ ಸೇರಿಸಿದ್ದಿರಬಹುದು ಎಂದು ಒಪ್ಪಲು ಯತ್ನಿಸಿದ್ದೇನೆ. ಆದರೆ ಮಿರ್ಚಿ ತಿಂದದ್ದು ನೆನಪಿಲ್ಲ, ಕಣ್ಣಿನ ಉರಿ ನೆನಪಿದೆ. ಎರಡು ಪ್ಲೇಟು ತಿಂದಿದ್ದರೆ ಅದು ಇನ್ನೂ ದೊಡ್ಡ ಅವಮಾನ. ಅದಕ್ಕೂ ಅವನೇ ಹೊಣೆ.

ಬಸ್ಸಿನಲ್ಲಿ ವಾಪಸು ಬರುವಾಗಲೇ ಎರಡು ದಾರಿ ಕಂಡಿದ್ದವು. ಒಂದು, ಚೀಟಿಗಳನ್ನು ಯಾವ ಯಂತ್ರದಲ್ಲೂ ಇಡದೆ, ಎರಡೂ ಕೈಹಾಕಬಹುದಾದ ಒಂದು ಸಾಮಾನ್ಯ ಪೆಟ್ಟಿಗೆಯಲ್ಲಿ, ಅಂದರೆ ಡೇಟಾಬೇಸಿನಲ್ಲಿ ಇಡುವುದು. ಆಗ ಯಾವ ಕ್ಲಿಕ್ ಎಲ್ಲಿಗೆ ಹೋದರೂ ಚಿಂತೆಯಿಲ್ಲ. ಇನ್ನೊಂದು, ಒಬ್ಬ ಮನುಷ್ಯನನ್ನು ಒಂದೇ ಯಂತ್ರಕ್ಕೆ ಕಟ್ಟಿಹಾಕುವುದು. ಅವನು ಯಾವ ಇಂಟರ್ನೆಟ್ ವಿಳಾಸದಿಂದ ಬರುತ್ತಾನೋ ನೋಡಿ, ಪ್ರತಿಸಲವೂ ಅದೇ ಯಂತ್ರಕ್ಕೆ ಕಳಿಸುವುದು.

ಮೊದಲನೆಯದು ಸರಿಯಾದ ದಾರಿ. ನಾನು ಎರಡನೆಯದನ್ನು ಆರಿಸಿದೆ. ಗುರುವಾರದೊಳಗೆ ಮುಗಿಯಬೇಕಲ್ಲ ಎಂದು ಮಾಲಕರಿಗೆ ಹೇಳಿದೆ. ನಿಜವಾದ ಕಾರಣ ಬೇರೆ. ಎರಡನೆಯ ದಾರಿಯಲ್ಲಿ ಯಾರನ್ನು ಎಲ್ಲಿ ಕಟ್ಟಬೇಕು ಎಂದು ನಾನು ಬರೆಯಬಹುದಿತ್ತು.

ಸಾವ್ಕಾರ ತನ್ನ ಅಂಗಡಿಗೆ ಬೇರೆ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡಿದ್ದ, ಎಂದೂ ಬದಲಾಗದ ವಿಳಾಸದ್ದು. ಹಾಗಾಗಿ ಅವನನ್ನು ಗುರುತಿಸುವುದು ಸುಲಭವಿತ್ತು. ಹಳೆಯ ಯಂತ್ರದ ಮೇಲೆ ನಾನೇ ಕೂತು ಅಳೆದೆ, ಒಂದು ಪುಟ ತೆರೆಯಲು ನಾಲ್ಕು ಸೆಕೆಂಡು. ಹೊಸದರ ಮೇಲೆ ಒಂದು. ಸಾವ್ಕಾರನ ವಿಳಾಸವನ್ನು ಹಳೆಯದಕ್ಕೆ ಕಟ್ಟಿದೆ. ಉಳಿದವರನ್ನು ಅವರವರ ವಿಳಾಸ ನೋಡಿ ಎರಡೂ ಕಡೆ ಹಂಚಿಕೊಳ್ಳಲು ಬಿಟ್ಟೆ. ಅರ್ಧ ಜನರ ಹೊರೆ ಆ ಮುದಿ ಯಂತ್ರದ ಮೇಲೆ ಬಿದ್ದಾಗ ಅವನ ನಾಲ್ಕು ಸೆಕೆಂಡು ನಲವತ್ತಾಗುತ್ತದೆ ಎಂದು ಲೆಕ್ಕ ಹಾಕಿದ್ದೆ. ಅವನನ್ನು ಕಟ್ಟಿದ ಆ ಸಾಲು ಸಿಡಿಯಲ್ಲಿದೆ, ನಾನು ನೋಡಿದ್ದೇನೆ. ಅವನ ವಿಳಾಸ, ಒಂದು ಬಾಣ, ಯಂತ್ರದ ಸಂಖ್ಯೆ ಒಂದು. ಪಕ್ಕದಲ್ಲಿ ನಾನು ಬರೆದ ಟಿಪ್ಪಣಿ ‘ತಾತ್ಕಾಲಿಕ’. ಸೇಡು ಎಂದು ಬರೆದಿಲ್ಲ. ಸೇಡು ಎಂದು ಯಾರು ಬರೆದಿಡುತ್ತಾರೆ?

ಗುರುವಾರ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚದೆ ಪರದೆಯ ಮುಂದೆ ಕೂತೆ. ಒಂದು ಗಂಟೆ ಐದು ನಿಮಿಷಕ್ಕೆ ಫಲಿತಾಂಶದ ಪಟ್ಟಿ ಬಂತು. ಸಾವ್ಕಾರ ಬಯಸಿದ ಲಾಟೆಲ್ಲ ಅವನಿಗೇ ಬಿದ್ದಿದ್ದವು.

ಅದೃಷ್ಟ ಎಂದುಕೊಂಡೆ. ಸೋಮವಾರ ಮತ್ತೆ ಹಾಗೇ ಆಯಿತು. ಮುಂದಿನ ಗುರುವಾರ ಇನ್ನೂ ಹೆಚ್ಚು. ಇತ್ತ ಉಳಿದವರ ಫೋನು ಬರತೊಡಗಿದವು. ಪುಟ ತೆರೆಯುವುದಿಲ್ಲ, ಗಡಿಯಾರ ತಿರುಗುತ್ತಲೇ ಇರುತ್ತದೆ, ಬಟನ್ ಒತ್ತಿದರೆ ಒಂದು ಗಂಟೆಯ ಮೇಲೆ ಉತ್ತರ ಬರುತ್ತದೆ. ಅವನಿಗೆ ಆಗಬೇಕಾದದ್ದು ಅವನನ್ನೊಬ್ಬನನ್ನು ಬಿಟ್ಟು ಊರಿಗೆಲ್ಲ ಆಗುತ್ತಿತ್ತು. ನಾನು ಬರೆದ ಸಾಲನ್ನು ಹತ್ತು ಸಲ ಓದಿದೆ. ಅದು ಸರಿಯಾಗಿಯೇ ಇತ್ತು. ಅವನು ಹಳೆಯ ಯಂತ್ರಕ್ಕೇ ಹೋಗುತ್ತಿದ್ದ. ಇನ್ನೊಂದು ಗುರುವಾರದ ಹೊತ್ತಿಗೆ ನನ್ನ ತಲೆಯೇ ಉಲ್ಟಾ ಓಡುತ್ತಿದೆ ಎಂದು ಅನುಮಾನ ಬಂತು. ಹಳೆಯದು ಯಾವುದು, ಹೊಸದು ಯಾವುದು ಎಂದು ಎದ್ದು ಹೋಗಿ ಎರಡರ ಮೇಲೂ ಚೀಟಿ ಅಂಟಿಸಿದೆ.

ಮೂರನೆಯ ವಾರ ಮೂಟೆ ಬಂತು.

ಭಾನುವಾರ ಬೆಳಿಗ್ಗೆ ನಾನು ಹಾವೇರಿಯ ಮನೆಯಲ್ಲಿ ಇರಲಿಲ್ಲ, ಸ್ನೇಹಿತನ ಜೊತೆ ಗಳಗನಾಥಕ್ಕೆ ಹೋಗಿದ್ದೆ. ವಾಪಸು ಬರುವಾಗ ದೂರದಿಂದಲೇ ನಮ್ಮ ಮಾಳಿಗೆ ಕಂಡಿತು. ಕೆಂಪಗೆ. ಅವ್ವ ಒಂದಿಡೀ ಮೂಟೆ ಡಬ್ಬಿ ತಳಿಯ ಮೆಣಸಿನಕಾಯಿ ಬಿಸಿಲಿಗೆ ಹರವಿ, ಖಾಲಿ ಚೀಲವನ್ನು ರಸ್ತೆಯ ಕಡೆಯ ಕಟ್ಟೆಗೋಡೆಯ ಮೇಲೆ ಒಣಹಾಕಿದ್ದಳು. ಚೀಲದ ಮೇಲೆ ನೀಲಿ ಮಸಿಯಲ್ಲಿ ಸಾವ್ಕಾರನ ಅಂಗಡಿಯ ಗುರುತು ಬಸ್ಸಿನಲ್ಲಿ ಹೋಗುವವರಿಗೂ ಕಾಣುವ ಹಾಗಿತ್ತು.

“ಅವ್ವಾ, ಇದ್ಯಾರು ತಂದ್ರು?”

“ನಿಮ್ಮ ಸಾವ್ಕಾರ್ರ ಡ್ರೈವರ್ ಬಂದಿದ್ದ. ‘ನಿಮ್ಮ ಮಗನಿಂದ ನಮ್ಮ ಸಾವ್ಕಾರ್ರಿಗೆ ಭಾಳ ಚಲೋ ಆಗೇತ್ರಿ’ ಅಂದ. ಎಂಥಾ ಕಾಯಿ ನೋಡೋ! ಸುಕ್ಕ ಎಷ್ಟ, ಬಣ್ಣ ಎಷ್ಟ!”

“ಯಾಕ ಇಸಗೊಂಡಿ? ವಾಪಸ್ ಕಳಸಬೇಕಿತ್ತು.”

“ಯಾಕ ಕಳಸ್ಲಿ? ಎಂದಾರ ಒಂದ ಕಾಯಿ ತಂದೀಯೇನ ನೀ ಮನಿಗೆ? ದಿನಾ ಬ್ಯಾಡಗಿ ಬ್ಯಾಡಗಿ ಅಂತೀದಿ, ಖಾರಪುಡಿ ನಾ ಅಂಗಡ್ಯಾಗ ತರ್ತೇನಿ.”

“ಆ ಮನಷ್ಯಾ ಚಲೋ ಇಲ್ಲವ್ವಾ.”

“ಮನಷ್ಯಾ ಹೆಂಗಾರ ಇರ್ಲಿ, ಕಾಯಿ ಚಲೋ ಅದಾವ,” ಎಂದು ಅವ್ವ ಅವುಗಳನ್ನು ಕೈಯಾಡಿಸಿ ಮಗುಚಿದಳು.

ಅದನ್ನು ಯಾರು ನೋಡಿದರೋ ಗೊತ್ತಿಲ್ಲ. ಮಂಗಳವಾರ ಬ್ಯಾಡಗಿಯಿಂದ ಮಾಲಕರಿಗೆ ಕರೆ ಬಂತು. ಇವತ್ತೇ ಗುಂಪಿನ ಸಭೆ ಇದೆ, ಪ್ರೋಗ್ರಾಂ ಬರೆದವನನ್ನು ಕರೆದುಕೊಂಡು ಬನ್ನಿ.

ಗೋದಾಮಿನ ಮುಂದಿನ ಪಡಸಾಲೆಯಲ್ಲಿ ಸಭೆ. ಎಲ್ಲರೂ ಖಾರದ ಘಾಟಿಗೆ ಒಬ್ಬೊಬ್ಬರಾಗಿ ಕೆಮ್ಮುತ್ತಿದ್ದರು. ಸಾವ್ಕಾರ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅಂದು ಹೆಚ್ಚು ನಕ್ಕಿದ್ದ ಆ ಎತ್ತರದ ದಲಾಲನೇ ಎದ್ದು ನಿಂತ.

“ನಮಗೆಲ್ಲಾ ಪುಟ ತೆರಿಯಾಕ ಅರ್ಧಾ ಮಿನಿಟು. ಸಾವ್ಕಾರ್ರಿಗೆ ಒತ್ತಿದ ಕೂಡ್ಲೆ. ಇದರಾಗ ಏನ ಕರಾಮತ್ತ ಐತಿ, ಹೇಳ್ರಿ ಇಂಜಿನಿಯರ್ರ. ಹಾವೇರ್ಯಾಗ ನಿಮ್ಮ ಮಾಳಿಗಿ ಮ್ಯಾಲ ಒಂದ ಚೀಲ ಹರವೀರಂತ. ನಮಗೂ ಹೇಳಿದ್ರ ನಾವೂ ಒಂದೊಂದ ಚೀಲ ಕಳಸ್ತಿದ್ವಿ.”

ಮಾಲಕರು ನನ್ನ ಮುಖ ನೋಡಿದರು. ಅವರಿಗೆ ಮೂಟೆಯ ವಿಷಯ ಹೇಳಿರಲಿಲ್ಲ. ಅವರ ಮುಖದಲ್ಲಿ ಕಂಡದ್ದು ಸಿಟ್ಟಲ್ಲ, ನಾಚಿಕೆ. ಅದು ನನ್ನನ್ನು ಕೊಂದಿತು. ಕದ್ದವನು, ತಿಂದವನು ಎಂದು ನನ್ನನ್ನು ಆ ಕ್ಷಣಕ್ಕೆ ಅವರು ನಂಬಿದ್ದರು.

ನಾನು ಸಾವ್ಕಾರನ ಕಡೆ ನೋಡಿದೆ. ಅವನು ಒಂದು ಮಾತು ಹೇಳಿದರೆ ಸಾಕಿತ್ತು. ಇಲ್ಲ, ಹುಡುಗನನ್ನು ನಾನೇನೂ ಕೇಳಿರಲಿಲ್ಲ, ಖುಷಿಗೆ ಕಳಿಸಿದೆ ಎಂದರೆ ಮುಗಿಯುತ್ತಿತ್ತು. ಅವನು ಮುಗುಳ್ನಕ್ಕು ಕೈ ಮುಗಿದ.

“ನಾ ಏನ ಹೇಳ್ಲಿ? ಹುಡಗಾ ಶಾಣ್ಯಾ ಅದಾನ. ಅವತ್ತ ಬೈದಿದ್ದೆ, ತಿದ್ಕೊಂಡಾನ. ದೊಡ್ಡಾವ್ರ ಮಾತ ಮನಸಿಗೆ ತಗೊಂಡಾನ.”

ತಿದ್ದಿಕೊಂಡಿದ್ದಾನೆ. ನನ್ನ ಅವಮಾನವೂ ಅವನ ಖಾತೆಯ ಪುಣ್ಯವಾಗಿತ್ತು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಬಹುಶಃ ಕೂಗಿದೆ.

“ಶಾಣ್ಯಾ ಅಲ್ರಿ! ಸಿಟ್ಟಿಲೆ ಮಾಡೇನಿ. ಇವರಿಗೆ ಲೇಟ್ ಆಗ್ಲಿ ಅಂತ, ಎಲ್ಲಾ ಲಾಟ್ ತಪ್ಪಿಹೋಗ್ಲಿ ಅಂತ, ಬೇಕಂತ ಹಳೇ ಮಿಷನ್ನಿಗೆ ಕಟ್ಟೇನಿ. ಅವತ್ತ ಎಲ್ಲಾರ ಮುಂದ ಮರ್ಯಾದಿ ತಗದ್ರಲ್ಲ, ಅದಕ್ಕ!”

ಎತ್ತರದ ದಲಾಲ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

“ಸಿಟ್ಟಿದ್ದಾವ್ರಿಗೆ ಹಿಂಗ ಮಾಡ್ತೀಯಾ? ಹಂಗಾರ ನಮ್ಮ ಮ್ಯಾಲೂ ಚೂರ ಸಿಟ್ಟ ಮಾಡ್ಕೊಳ್ಳಪಾ, ಪುಣ್ಯಾ ಬರ್ತೈತಿ!”

ಇಡೀ ಪಡಸಾಲೆ ನಕ್ಕಿತು. ಕೆಮ್ಮುತ್ತಾ ನಕ್ಕರು, ಕಣ್ಣು ಒರೆಸಿಕೊಂಡು ನಕ್ಕರು. ಸಾವ್ಕಾರ ಎಲ್ಲರಿಗಿಂತ ಮೆಲ್ಲಗೆ ನಕ್ಕ. “ಕೂಡ್ರೋ ತಮ್ಮಾ,” ಎಂದ, “ನನ್ನ ಉಳಸಾಕ ಹೋಗಿ ನೀ ಯಾಕ ಕೆಟ್ಟ ಆಗ್ತಿ?” ಅವನು ಅದನ್ನು ನಂಬಿಯೇ ಹೇಳಿದನೋ, ನನ್ನ ಬಾಯಿ ಮುಚ್ಚಿಸಲು ಹೇಳಿದನೋ, ಎಷ್ಟು ಸಲ ಯೋಚಿಸಿದರೂ ಬಗೆಹರಿಯುವುದಿಲ್ಲ. ಲಂಚ ತಿಂದೆ ಎಂದು ಎಲ್ಲರೂ ನಂಬಿದರು. ದ್ವೇಷಿಸಿದೆ ಎಂದು ಒಬ್ಬನೂ ನಂಬಲಿಲ್ಲ. ಒಂದು ವಾರದೊಳಗೆ ಸರಿಮಾಡಬೇಕು, ಇಲ್ಲದಿದ್ದರೆ ಕೆಲಸ ಬೇರೆಯವರಿಗೆ ಎಂದು ಗುಂಪು ಹೇಳಿತು.

ಹೊರಗೆ ಬಂದು ಬಿಸಿಲಿನಲ್ಲಿ ನಿಂತೆ. ಮಾಲಕರು ನನ್ನಿಂದ ಎರಡು ಹೆಜ್ಜೆ ದೂರ ನಿಂತರು. ತಲೆ ತಗ್ಗಿಸಿ ನಿಂತರೆ ಜನ ನೋಡುತ್ತಾರೆಂದು ತಲೆ ಎತ್ತಿದೆ. ಆಗ ಆ ತಂತಿ ಕಂಡಿತು.

ಕಪ್ಪನೆಯ ತಂತಿ, ಎತ್ತರದ ದಲಾಲನ ಅಂಗಡಿಯ ಕಿಟಕಿಯಿಂದ ಹೊರಟಿತ್ತು. ಪಕ್ಕದ ಮಾಳಿಗೆಯ ಹಳೆಯ ಟಿವಿ ಆಂಟೆನಾದ ಕಂಬಕ್ಕೆ ಒಂದು ಸುತ್ತು ಸುತ್ತಿ, ಮುಂದಿನ ಮನೆಯ ಬಟ್ಟೆ ಒಣಹಾಕುವ ಹಗ್ಗದ ಜೊತೆಗೆ ಸಾಗಿ, ಅಲ್ಲಿಂದ ರಸ್ತೆ ದಾಟಿ ಎದುರಿನ ಸಾಲಿಗೆ ಹೋಗಿತ್ತು. ಪ್ರತಿ ಅಂಗಡಿಯ ಮೇಲೂ ಅದರಿಂದ ಒಂದು ಕವಲು ಇಳಿದಿತ್ತು.

“ಸರ್, ಅದು ಎಂಥಾ ವೈರು?”

“ಇಂಟರ್ನೆಟ್ಟು. ಅಂವಾ ಒಬ್ಬಾಂವ ಕನೆಕ್ಷನ್ ತಗೊಂಡಾನ, ಓಣ್ಯಾನ ಮಂದಿಗೆಲ್ಲಾ ಎಳದ ಕೊಟ್ಟಾನ. ಎಲ್ಲಾರೂ ಹಂಚ್ಕೊಂಡಾರ. ಬರೋಬ್ಬರಿ ಉಳಿತಾಯ,” ಎಂದರು ಮಾಲಕರು, ಮುಖ ಬೇರೆ ಕಡೆ ಮಾಡಿಕೊಂಡೇ.

ಐವತ್ತಕ್ಕೂ ಹೆಚ್ಚು ಜನ, ಒಂದೇ ತಂತಿ, ಒಂದೇ ವಿಳಾಸ. ವಿಳಾಸ ನೋಡಿ ಹಂಚು ಎಂದು ನಾನು ಹೇಳಿದ್ದೆ. ಪ್ರೋಗ್ರಾಂ ಅಷ್ಟೂ ಮಂದಿಯನ್ನು ಒಬ್ಬನೇ ಮನುಷ್ಯ ಎಂದು ತಿಳಿದು ಒಂದೇ ಕಡೆ, ಹೊಸ ಯಂತ್ರದ ಮೇಲೆ ಹೇರಿತ್ತು. ಹಳೆಯ ಯಂತ್ರದಲ್ಲಿ ಸಾವ್ಕಾರ ಒಬ್ಬನೇ. ಹೊಸದಕ್ಕೆ ಎಷ್ಟೇ ಬಲವಿರಲಿ, ಅದು ಬಾಗಿಲವರೆಗೆ ಜನ ನೇತಾಡುವ ಬಸ್ಸಾಗಿತ್ತು. ಅವನು ಮುದಿ ಅಂಬಾಸಡರಿನಲ್ಲಿ ಕಾಲು ಚಾಚಿಕೊಂಡು ಹೋಗುತ್ತಿದ್ದ. ಎಲ್ಲರಿಗಿಂತ ಮೊದಲು ಊರು ಮುಟ್ಟುತ್ತಿದ್ದ. ನನ್ನ ಕೈಯಾರೆ ನಾನು ಅವನಿಗೆ ಒಂದು ಸ್ವಂತ ಸರ್ವರ್ ಉಡುಗೊರೆ ಕೊಟ್ಟಿದ್ದೆ. ಇದು ಸಿಡಿಯ ಲಾಗಿನಲ್ಲೂ ಇದೆ. ಒಂದು ವಿಳಾಸದಿಂದ ಐವತ್ತಮೂರು ಲಾಗಿನ್. ಅದು ಮೊದಲ ದಿನದಿಂದಲೂ ಅಲ್ಲೇ ಇತ್ತು. ‘ಲಾಗ್ ತೋರಿಸು’ ಎಂದು ಊರಿಗೆಲ್ಲ ಹೇಳುವವನು ಮೂರು ವಾರ ಸಾವ್ಕಾರನ ಸಾಲೊಂದನ್ನು ಬಿಟ್ಟು ಇನ್ನೇನನ್ನೂ ಓದಿರಲಿಲ್ಲ.

ಈ ಸಲ ಸರಿಯಾದ ದಾರಿ ಹಿಡಿದೆ. ಬುಧವಾರದಿಂದ ಕೂತು ಸೆಷನ್ನಿನ ಚೀಟಿಗಳನ್ನೆಲ್ಲ ಡೇಟಾಬೇಸಿಗೆ ಸಾಗಿಸಿದೆ. ಯಾರನ್ನೂ ಎಲ್ಲಿಗೂ ಕಟ್ಟುವ ಅಗತ್ಯ ಉಳಿಯಲಿಲ್ಲ. ಯಾರ ಕ್ಲಿಕ್ ಯಾವ ಯಂತ್ರಕ್ಕೆ ಬಿದ್ದರೂ ಅದು ಪೆಟ್ಟಿಗೆ ತೆರೆದು ಗುರುತು ಹಿಡಿಯುತ್ತಿತ್ತು. ಬಲವಿದ್ದ ಯಂತ್ರಕ್ಕೆ ಹೆಚ್ಚು, ಬಲವಿಲ್ಲದ್ದಕ್ಕೆ ಕಡಿಮೆ ಎಂದು ಹೊರೆ ಹಂಚಿದೆ. ಸಾವ್ಕಾರನ ಸಾಲನ್ನು ಅಳಿಸಿದೆ. ಅಳಿಸುವಾಗ ಯಾವ ಸಂತೋಷವೂ ಆಗಲಿಲ್ಲ. ಸೋತವನು ಅಂಗಡಿ ಮುಚ್ಚುವ ಹಾಗೆ ಅನ್ನಿಸಿತು.

ಸೋಮವಾರ ಎಲ್ಲರಿಗೂ ಒಂದೇ ವೇಗ. ಕೊನೆಯ ಕಾಲು ತಾಸಿನಲ್ಲಿ ಪುಟ ತೆರೆಯಲು ಹತ್ತು ಸೆಕೆಂಡಿನ ಆಚೀಚೆ, ಎಲ್ಲರಿಗೂ. ಉಳಿದವರಿಗೆ ಅದು ಸ್ವರ್ಗ. ಅವರು ಮೂರು ವಾರದ ಆ ನಿಧಾನಗತಿಗೆ ಹೊಂದಿಕೊಂಡು ಹನ್ನೆರಡೂವರೆಗೇ ತುಂಬಲು ಶುರುಮಾಡಿದ್ದರು. ಸಾವ್ಕಾರನಿಗೆ ಮೂರು ವಾರದಲ್ಲಿ ಬೇರೊಂದು ರೂಢಿ ಬೆಳೆದಿತ್ತು. ಒತ್ತಿದ ಕೂಡಲೇ ಹೋಗುತ್ತದೆಂದು ಎಲ್ಲರ ದರ ಬಿದ್ದ ಮೇಲೆ, ಒಂದಕ್ಕೆ ಎರಡು ನಿಮಿಷ ಇರುವಾಗ ಕೂತು ಹಾಯಾಗಿ ಟೈಪ್ ಮಾಡುತ್ತಿದ್ದ. ಆ ದಿನವೂ ಹಾಗೇ ಕೂತ. ಲಾಗಿನಲ್ಲಿ ಅವನ ಸಾಲುಗಳಿವೆ. ಹನ್ನೆರಡು ಐವತ್ತೆಂಟಕ್ಕೆ ಮೊದಲ ಲಾಟು. ಒಂದು ಗಂಟೆಯ ಮೇಲೆ ಹನ್ನೊಂದು ಲಾಟು, ಹನ್ನೊಂದೂ ತಿರಸ್ಕೃತ.

ಅವನಿಗೆ ತಡವಾಗಿತ್ತು. ನಾನು ಕಟ್ಟಿಹಾಕಿದ್ದಕ್ಕಲ್ಲ, ಬಿಚ್ಚಿದ್ದಕ್ಕೆ. ನಾನು ಊಟದ ಡಬ್ಬಿ ತೆರೆದು ರೊಟ್ಟಿ ಮುರಿದೆ, ಒಂದೊಂದೇ ತುತ್ತು, ಆ ಹನ್ನೊಂದು ಸಾಲನ್ನು ಮೇಲಿನಿಂದ ಕೆಳಗೆ ಓದುತ್ತಾ ತಿಂದೆ. ಅಷ್ಟು ರುಚಿಯಾದ ಊಟ ಆಮೇಲೆ ಮಾಡಿಲ್ಲ. ನ್ಯಾಯ ಮಾಡಿದೆ ಎಂಬ ಸಮಾಧಾನವಲ್ಲ ಅದು. ಹನ್ನೊಂದು ಎಂಬ ಸಂಖ್ಯೆಯ ರುಚಿ.

ಆಗ ಆಫೀಸಿನ ಫೋನು ಹೊಡೆಯಿತು. ಮಾಲಕರು ಕೆಳಗೆ ಬೀಜದ ಅಂಗಡಿಯಲ್ಲಿದ್ದರು. ನಾನೇ ಎತ್ತಿದೆ.

“ತಮ್ಮಾ, ಇವತ್ತ ಯಾಕ ನಿಧಾನ ಆಗೈತಿ?” ಸಾವ್ಕಾರ.

“ನಿಧಾನ ಇಲ್ರಿ ಸಾವ್ಕಾರ್ರ. ಈಗ ಎಲ್ಲಾರಿಗೂ ಒಂದ ಐತಿ.”

“ನನಗ ಮೊದಲ ಇದ್ದಿದ್ದು?”

“ಅದನ್ನ ತಗದೇನ್ರಿ.”

ಅವನ ಹಿಂದೆ ಯಾರೋ ಚೀಲ ಎಳೆಯುವ ಸದ್ದು.

“ಹಂಗಾರ ಅವತ್ತ ಅಂದಿದ್ದು...” ಎಂದ. ಅವನ ದನಿ ಇಳಿದಿತ್ತು. “ಖರೇನ ಸಿಟ್ಟ ಇತ್ತೇನೋ ನಿನಗ?”

“ಹೌದ್ರಿ ಸಾವ್ಕಾರ್ರ. ಈಗೂ ಐತಿ.”

ಫೋನು ಇಟ್ಟ ಸದ್ದು ಬಂತು.

ಇದನ್ನು ಮಾಲಕರಿಗೆ ಬಹಳ ವರ್ಷಗಳ ನಂತರ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. “ಯಾವ ಫೋನೋ? ಆ ವಾರ ನಮ್ಮ ಫೋನ್ ಸತ್ತಿತ್ತು. ಲೈನ್‌ಮನ್ನನ್ನ ಕರಿಯಾಕ ನಾನ ಎರಡ ಸಲ ಹೋಗಿದ್ದೆ. ಸಾವ್ಕಾರ್ರು ನಿನಗ್ಯಾಕ ಫೋನ್ ಮಾಡ್ತಾರ? ನಿನ್ನ ಹೆಸರೂ ಗೊತ್ತಿರ್ಲಿಲ್ಲ ಅವರಿಗೆ.”

ಫೋನು ಸತ್ತಿದ್ದರೆ ಅದೇ ತಂತಿಯ ಮೇಲೆ ಬರುವ ಬ್ರಾಡ್‌ಬ್ಯಾಂಡ್ ಹೇಗೆ ನಡೆಯುತ್ತಿತ್ತು, ಟೆಂಡರು ಹೇಗೆ ನಡೆಯಿತು ಎಂದು ಕೇಳಿದೆ. ಅದು ಸತ್ತದ್ದು ಮಂಗಳವಾರ ಇರಬಹುದು ಎಂದರು. ಸೋಮವಾರವೂ ಇರಬಹುದು, ಕೆಲವು ಸಲ ಮಾತು ಸತ್ತು ಇಂಟರ್ನೆಟ್ ಬದುಕಿರುತ್ತಿತ್ತು ಎಂದೂ ಅಂದರು. ಅದೂ ನಿಜ, ಹಾಗೆ ಆಗುತ್ತಿತ್ತು. ಸಿಡಿಯಲ್ಲಿ ಹನ್ನೊಂದು ತಿರಸ್ಕೃತ ಸಾಲುಗಳಿವೆ. ಕರೆಗೆ ಯಾವ ಸಾಲೂ ಇಲ್ಲ. ಅದೊಂದು ಕರೆ ಬಂದಿರದಿದ್ದರೆ ಅವನು ನನ್ನನ್ನು ತಿದ್ದಿಕೊಂಡ ಹುಡುಗನೆಂದೇ ತಿಳಿದು, ನನ್ನ ಹೆಸರೂ ಗೊತ್ತಿಲ್ಲದೆ, ಒಂದು ಸೋಮವಾರ ಏನೋ ನಿಧಾನವಾಯಿತು ಎಂದುಕೊಂಡು ಮರೆತಿರುತ್ತಾನೆ.

ಬೇರೆ ಯಾರೇ ಇಂಥ ಸಾಕ್ಷ್ಯ ತಂದರೂ ನಾನು ತಿರಸ್ಕರಿಸುತ್ತಿದ್ದೆ. ಹೋದ ವರ್ಷ ಬ್ಯಾಡಗಿಯ ಬಸ್ ನಿಲ್ದಾಣದ ಹತ್ತಿರ ಅವನು ಕಂಡ. ಮುದುಕನಾಗಿದ್ದಾನೆ, ಕೋಲು ಬಂದಿದೆ. ಕೇಳಿ ಬಗೆಹರಿಸಿಕೊಳ್ಳಬಹುದಿತ್ತು, ಹತ್ತು ಹೆಜ್ಜೆಯ ದೂರ. ಅವನು ನನ್ನ ಕಡೆ ನೋಡಿದ. ಗುರುತು ಹಿಡಿದನೋ ಇಲ್ಲವೋ ಎಂದು ನಾನು ಕಾಯಲಿಲ್ಲ. ಹಿಡಿಯದಿದ್ದರೆ ಎಂಬ ಭಯಕ್ಕೆ ಸೀದಾ ಹೋಗಿ ರಾಣೇಬೆನ್ನೂರಿನ ಬಸ್ಸು ಹತ್ತಿದೆ. ಆ ಸೋಮವಾರ ಕರೆ ಬಂದಿತ್ತು. ಅವನ ದನಿ ಇಳಿದಿತ್ತು.